ಹಳೇ ಐಪಾಡ್ ಟಿಕ್ ಟಿಕ್ ಅಂತಿದೆ, ಅಂಗಡಿಯವರು ಬಿಸಾಕಿ ಅಂದ್ರು: ನಿಜವಾಗ್ಲೂ ಕೆಟ್ಟಿರೋದು ಯಾವುದು?

ಪ್ರಶ್ನೆ: ನಮಸ್ಕಾರ ಸರ್. ನಾನು ಚಿತ್ರದುರ್ಗದವಳು, ಸ್ಕೂಲ್ ಟೀಚರ್, ದಿನಾ ಬಸ್ಸಲ್ಲಿ ಹೊಳಲ್ಕೆರೆಗೆ ಹೋಗಿಬರ್ತೀನಿ. 2006ರಲ್ಲಿ ನಮ್ಮಣ್ಣ ಕೊಡಿಸಿದ್ದ 30 ಜಿಬಿ ಐಪಾಡ್ ಇದೆ, ವಿಡಿಯೋ ಬರ್ತಿತ್ತಲ್ಲ ಆ ಮಾಡೆಲ್. ಎರಡು ವರ್ಷದಿಂದ ಬೀರುನಲ್ಲೇ ಬಿದ್ದಿತ್ತು. ಈಗ ಚಾರ್ಜಿಗೆ ಹಾಕಿದ್ರೆ ಸೇಬಿನ ಗುರುತು ಬರುತ್ತೆ, ಒಳಗಿಂದ ಟಿಕ್ ಟಿಕ್ ಅನ್ನುತ್ತೆ, ಆಮೇಲೆ ಸಪ್ಪೆ ಮುಖದ ಚಿತ್ರ ಬಂದು ನಿಂತುಬಿಡುತ್ತೆ. ವೈರ್ ಕಿತ್ತರೆ ತಕ್ಷಣ ಆಫ್. ಒಳಗಿಡೋಕೆ ಮುಂಚೆನೇ ಎಡಗಿವಿ ಕಡೆ ಸೌಂಡ್ ಬರ್ತಿರ್ಲಿಲ್ಲ. ಇಲ್ಲಿ ಅಂಗಡಿಯಲ್ಲಿ ತೋರಿಸಿದ್ರೆ ಡಿಸ್ಕು, ಬ್ಯಾಟರಿ, ಇಯರ್‌ಫೋನ್ ಜಾಕು ಮೂರೂ ಹೋಗಿದೆ, ಬಿಸಾಕಿ ಹೊಸದು ತಗೊಳ್ಳಿ ಅಂದ್ರು. ಸಿಡಿಗಳಿಂದ ಒಂದೊಂದಾಗಿ ಹಾಕಿದ ಸುಮಾರು 3000 ಹಾಡು ಅದರಲ್ಲಿದೆ, ಆ ಸಿಡಿಗಳು ಈಗ ಇಲ್ಲ. ರಿಪೇರಿ ಆಗುತ್ತಾ?

ಉತ್ತರ:

ಮೇಡಂ, ಮೊದಲು ಒಂದು ಮಾತು. ಇದನ್ನ ಓದೋಕೆ ಮುಂಚೆನೇ ಯಾರಾದ್ರೂ ಕಂಪ್ಯೂಟರ್‌ಗೆ ಹಾಕಿ "ರೀಸ್ಟೋರ್ ಮಾಡಿ ನೋಡೋಣ" ಅಂದ್ರೆ ಬೇಡ ಅನ್ನಿ. ರೀಸ್ಟೋರ್ ಅಂದ್ರೆ ಡಿಸ್ಕನ್ನ ಒರೆಸಿ ಹೊಸದಾಗಿ ಸಾಫ್ಟ್‌ವೇರ್ ಹಾಕೋದು, ಅದನ್ನ ಒತ್ತಿದ್ರೆ ನಿಮ್ಮ 3000 ಹಾಡು ಹೋಯ್ತು ಅಂತಲೇ ಲೆಕ್ಕ. ಐಪಾಡ್ ರಿಪೇರಿ ಆಮೇಲೂ ಮಾಡಬಹುದು, ಹಾಡಿಗೆ ಇರೋದು ಒಂದೇ ಅವಕಾಶ.

ಇನ್ನು ಅಂಗಡಿಯವರ ಮಾತು. ಮೂರೂ ಹೋಗಿದೆ ಅಂದ್ರಂತೆ, ನನಗೆ ಹಾಗನ್ನಿಸ್ತಿಲ್ಲ. ನಾನು ದಾವಣಗೆರೆಯಲ್ಲಿ ಟೇಪ್ ರೆಕಾರ್ಡರ್ ಕಾಲದಿಂದ ಈ ಕೆಲಸ ಮಾಡ್ಕೊಂಡು ಬಂದಿದೀನಿ, ನನ್ನ ಅನುಭವದಲ್ಲಿ ಒಂದು ಪೆಟ್ಟಿಗೆಯಲ್ಲಿ ಮೂರು ತೊಂದರೆ ಕಾಣಿಸ್ತಿದ್ರೆ ಬಹಳ ಸಲ ಮೂಲ ಒಂದೇ ಇರುತ್ತೆ, ಜಾಸ್ತಿ ಅಂದ್ರೆ ಎರಡು. ನಿಮ್ಮ ಕೇಸಲ್ಲಿ ನನಗೆ ಮೊದಲ ಅನುಮಾನ ಬ್ಯಾಟರಿ ಮೇಲೆ, ಆ ಟಿಕ್ ಟಿಕ್‌ಗೂ ಸೇರಿಸಿ.

ಯಾಕೆ ಅಂತ ಹೇಳ್ತೀನಿ. ನಿಮ್ಮ ಐಪಾಡ್‌ನಲ್ಲಿ ಹಾಡು ಇರೋದು ಮೆಮೊರಿ ಕಾರ್ಡಲ್ಲಿ ಅಲ್ಲ, ನಿಜವಾದ ಹಾರ್ಡ್ ಡಿಸ್ಕ್ ಒಂದಿದೆ, 1.8 ಇಂಚಿಂದು, ಲ್ಯಾಪ್‌ಟಾಪ್ ಡಿಸ್ಕಿನ ತಮ್ಮ ಅನ್ಕೊಳ್ಳಿ. ತಟ್ಟೆ ನಿಮಿಷಕ್ಕೆ 4200 ಸುತ್ತು ತಿರುಗುತ್ತೆ, ಅದರ ಮೇಲೆ ಕೂದಲಿಗಿಂತ ಎಷ್ಟೋ ತೆಳ್ಳಗಿನ ಗಾಳಿ ಪದರದಲ್ಲಿ ಓದೋ ಹೆಡ್ ತೇಲುತ್ತಿರುತ್ತೆ. ನಿಂತಿರೋ ತಟ್ಟೆಯನ್ನ ತಿರುಗಿಸಿ ಎಬ್ಬಿಸೋಕೆ ಆ ಒಂದೆರಡು ಸೆಕೆಂಡ್ ಜಾಸ್ತಿ ಕರೆಂಟ್ ಬೇಕು, ತಳ್ಳುಗಾಡಿ ಮೊದಲು ಅಲುಗಾಡಿಸೋವಾಗ ಜೋರು ಬೇಕಲ್ಲ ಹಂಗೆ. ಆ ಕರೆಂಟ್ ಬರೋದು ಬ್ಯಾಟರಿಯಿಂದ. ಬ್ಯಾಟರಿ ಸತ್ತಿದ್ರೆ ಯುಎಸ್‌ಬಿ ವೈರ್ ಹಾಕಿದ್ರೂ ಆ ಎಳೆತ ತಡಿಯೋಕೆ ಆಗದೆ ವೋಲ್ಟೇಜ್ ಕುಸಿಯುತ್ತೆ, ಡಿಸ್ಕ್ ಏಳೋಕೆ ಹೋಗಿ ಬೀಳುತ್ತೆ, ಮತ್ತೆ ಏಳುತ್ತೆ, ಮತ್ತೆ ಬೀಳುತ್ತೆ. ಹೊರಗಡೆಯಿಂದ ಕೇಳೋರಿಗೆ ಅದು ಟಿಕ್ ಟಿಕ್, ಐಪಾಡ್‌ಗೂ ಡಿಸ್ಕ್ ಸಿಗ್ಲಿಲ್ಲ ಅಂತ ಸಪ್ಪೆ ಮುಖ ತೋರಿಸುತ್ತೆ. ಡಿಸ್ಕ್ ನಿಜವಾಗ್ಲೂ ಸತ್ತಿದ್ರೂ ಇದೇ ಸೌಂಡು ಇದೇ ಮುಖ. ಅದಕ್ಕೇ ಕಿವಿಯಲ್ಲಿ ಕೇಳಿ ತೀರ್ಪು ಕೊಡೋಕೆ ಬರಲ್ಲ, ಟೆಸ್ಟ್ ಮಾಡಬೇಕು, ಟೆಸ್ಟ್ ಮಾಡೋ ದಾರಿ ಆ ಐಪಾಡ್ ಒಳಗೇ ಇದೆ.

ಅದಕ್ಕೂ ಮುಂಚೆ ಬ್ಯಾಟರಿ ಉಬ್ಬಿದೆಯಾ ನೋಡ್ರಿ. ಟೇಬಲ್ ಮೇಲೆ ಅಂಗಾತ ಇಟ್ಟು ಬಗ್ಗಿ ಸೈಡಿಂದ ನೋಡಿ, ಬಿಳಿ ಅಥವಾ ಕಪ್ಪು ಮುಂಭಾಗಕ್ಕೂ ಹಿಂದಿನ ಸ್ಟೀಲ್ ತಗಡಿಗೂ ಮಧ್ಯೆ ಎಲ್ಲಾದ್ರೂ ಬಿರುಕು ಬಿಟ್ಟಂಗೆ ಸಂದು ಕಾಣ್ತಿದ್ರೆ, ಪರದೆ ಮೇಲೆ ಒತ್ತಿದಂಗೆ ಕಲೆ ಇದ್ರೆ, ಚಾರ್ಜ್ ಹಾಕೋದು ಅಲ್ಲಿಗೇ ನಿಲ್ಲಿಸಿಬಿಡಿ. ಲಿಥಿಯಂ ಬ್ಯಾಟರಿ ಹಳೇದಾದ್ಮೇಲೆ ಒಳಗಿನ ರಾಸಾಯನಿಕ ಒಡೆದು ಗ್ಯಾಸ್ ಆಗುತ್ತೆ, ಚೀಲ ಉಬ್ಬುತ್ತೆ, ಅದನ್ನ ಚುಚ್ಚಿದ್ರೆ ಅಥವಾ ಬಗ್ಗಿಸಿದ್ರೆ ಬೆಂಕಿ ಹತ್ತಿಕೊಳ್ಳಬಹುದು. ನಮ್ಮ ದುರ್ಗ ದಾವಣಗೆರೆ ಬೇಸಿಗೆಯಲ್ಲಿ ತಗಡಿನ ಬೀರು ಒಳಗೆ ಎಷ್ಟು ಕಾಯುತ್ತೆ ಅಂತ ನಿಮಗೇ ಗೊತ್ತು, ಬಿಸಿಯಲ್ಲಿ ಈ ಬ್ಯಾಟರಿ ಬೇಗ ಮುದುಕಾಗುತ್ತೆ, ಅದ್ರಲ್ಲೂ ಪೂರ್ತಿ ಖಾಲಿಯಾಗಿ ಎರಡು ವರ್ಷ ಬಿದ್ದಿದ್ರೆ ಇನ್ನೂ ಕಷ್ಟ. ಇದರ ಸೆಲ್ ಸಾಮಾನ್ಯ 3.7 ವೋಲ್ಟಿಂದು, ತುಂಬಿದಾಗ 4.2, ಅದು ತೀರಾ ಕೆಳಗಿಳಿದು ತಿಂಗಳುಗಟ್ಟಲೆ ಕೂತ್ರೆ ಒಳಗಿನ ತಾಮ್ರ ಕರಗೋಕೆ ಶುರುವಾಗುತ್ತೆ, ಅಂಥದ್ದಕ್ಕೆ ಹೊರಗಿಂದ ನೇರ ಕರೆಂಟ್ ಕೊಟ್ಟು ಬಲವಂತವಾಗಿ ಎಬ್ಬಿಸೋ ಸಾಹಸ ನಾನು ಮಾಡಲ್ಲ, ನೀವೂ ಯಾರಿಗೂ ಮಾಡೋಕೆ ಬಿಡಬೇಡಿ.

ಉಬ್ಬಿಲ್ಲ ಅಂದ್ರೆ ಗೋಡೆ ಚಾರ್ಜರ್‌ಗೆ ಹಾಕಿ, ಕಂಪ್ಯೂಟರ್‌ಗಲ್ಲ, ಹಗಲು ಹೊತ್ತಲ್ಲಿ ಕಣ್ಣೆದುರಿಗೇ ನಾಲ್ಕೈದು ತಾಸು ಬಿಡಿ. ಹಾಸಿಗೆ ಮೇಲೆ ಬೇಡ, ರಾತ್ರಿ ಹಾಕಿ ಮಲಗೋದಂತೂ ಬೇಡವೇ ಬೇಡ. ಆ ಅಗಲ ಮೂತಿಯ 30 ಪಿನ್ ವೈರ್ ಹಳೇದಾಗಿದ್ರೆ ಅದನ್ನೂ ಬದಲಾಯಿಸಿ ನೋಡಿ, ಎಷ್ಟೋ ಸಲ ವೈರಿನದ್ದೇ ತಪ್ಪಿರುತ್ತೆ.

ಆಮೇಲೆ ಟೆಸ್ಟ್. ತಲೆ ಮೇಲಿರೋ ಹೋಲ್ಡ್ ಸ್ವಿಚ್ ಒಂದ್ಸಲ ಆಕಡೆ ಈಕಡೆ ಎಳೆದು ಲಾಕ್ ಬಿಚ್ಚಿದ ಕಡೆಗೇ ಇಡಿ. ಮೆನು ಬಟನ್ನು ಮತ್ತೆ ನಡುವಿನ ಬಟನ್ನು ಎರಡನ್ನೂ ಸೇರಿಸಿ ಸೇಬು ಬರೋವರೆಗೂ ಒತ್ತಿ ಹಿಡೀರಿ, ಆರರಿಂದ ಹತ್ತು ಸೆಕೆಂಡ್ ಆಗಬಹುದು. ಸೇಬು ಬಂದ ತಕ್ಷಣ ಕೈ ಬಿಟ್ಟು, ನಡುವಿನ ಬಟನ್ನು ಮತ್ತೆ ಹಿಂದಿನ ಹಾಡಿಗೆ ಹೋಗೋ ಬಟನ್ನು, ಎಡಗಡೆದು, ಈ ಎರಡನ್ನೂ ಹಿಡೀರಿ. ಒಂದು ಸರಳವಾದ ಮೆನು ಬರುತ್ತೆ, ಇದು ತಯಾರಿಸಿದೋರು ಪರೀಕ್ಷೆಗೆ ಅಂತ ಇಟ್ಟಿರೋದು, ಡಿಸ್ಕ್ ಕೆಟ್ಟಿದ್ರೂ ಬರುತ್ತೆ ಯಾಕಂದ್ರೆ ಅದು ಬೋರ್ಡಿನ ಚಿಪ್ಪಲ್ಲಿ ಕೂತಿರುತ್ತೆ. ಮೊದಲ ಸಲಕ್ಕೆ ಬರದಿದ್ರೆ ಬೇಜಾರಾಗಬೇಡಿ, ಬೆರಳಿನ ಟೈಮಿಂಗ್ ಕೂಡಿಬರಬೇಕು. ಅದರಲ್ಲಿ ಮ್ಯಾನ್ಯುಯಲ್ ಟೆಸ್ಟ್ ಒಳಗೆ ಐಓ, ಅದರೊಳಗೆ ಹಾರ್ಡ್ ಡ್ರೈವ್, ಅದರೊಳಗೆ ಸ್ಮಾರ್ಟ್ ಡೇಟಾ ಅಂತ ಸಿಗುತ್ತೆ. ಅಲ್ಲಿ ನೋಡಬೇಕಾದ್ದು ಎರಡು ಸಾಲು, ರೀಆಲೋಕ್ಸ್ ಮತ್ತು ಪೆಂಡಿಂಗ್ ಸೆಕ್ಟರ್ಸ್. ಮೊದಲನೇದು, ಡಿಸ್ಕ್ ತನ್ನ ಮೇಲೆ ಎಷ್ಟು ಜಾಗ ಹಾಳಾಗಿದೆ ಅಂತ ಕಂಡುಕೊಂಡು ಬೇರೆ ಕಡೆ ಬದಲಿ ಕೊಟ್ಟಿದೆ ಅನ್ನೋ ಲೆಕ್ಕ. ಎರಡನೇದು, ಓದೋಕೆ ಕಷ್ಟಪಡ್ತಿದೆ ಆದ್ರೆ ಇನ್ನೂ ತೀರ್ಮಾನ ಮಾಡಿಲ್ಲ ಅನ್ನೋ ಜಾಗ. ಎರಡೂ ಸೊನ್ನೆ ಅಥವಾ ಒಂದೆರಡು ಇದ್ರೆ ಡಿಸ್ಕ್ ಗಟ್ಟಿಯಾಗಿದೆ, ಬ್ಯಾಟರಿ ಹಾಕಿದ್ರೆ ಎದ್ದು ಕೂರುತ್ತೆ. ನೂರಾರು ಇದ್ರೆ ಡಿಸ್ಕ್ ಸಾಯ್ತಾ ಇದೆ, ಇರೋ ಉಸಿರಲ್ಲಿ ಹಾಡು ಈಚೆ ತೆಗೀಬೇಕು. ಲೆಕ್ಕ ತೋರಿಸೋದೇ ಇಲ್ಲ ಅಂದ್ರೆ ಡಿಸ್ಕ್ ಬೋರ್ಡಿಗೆ ಸಿಗ್ತಿಲ್ಲ, ಅದಕ್ಕೆ ಕಾರಣ ಬ್ಯಾಟರಿ ಇರಬಹುದು, ರಿಬ್ಬನ್ ಪಟ್ಟಿ ಸಡಿಲ ಆಗಿರಬಹುದು, ಡಿಸ್ಕೇ ಹೋಗಿರಬಹುದು.

ಆ ರಿಬ್ಬನ್ ಪಟ್ಟಿ ವಿಷಯ ಹೇಳಲೇಬೇಕು. ಡಿಸ್ಕಿಗೂ ಬೋರ್ಡಿಗೂ ಮಧ್ಯೆ ಕಾಗದದಷ್ಟು ತೆಳ್ಳಗಿನ ಪಟ್ಟಿ ಇರುತ್ತೆ, ಡಿಸ್ಕ್ ಕಡೆ ತುದಿ ಬರೀ ಒಂದು ಸಣ್ಣ ಚಿಲಕದಿಂದ ಅದುಮಿ ಹಿಡಿದಿರುತ್ತೆ, ಝಿಫ್ ಕನೆಕ್ಟರ್ ಅಂತಾರೆ. ವರ್ಷಗಟ್ಟಲೆ ಬಸ್ಸಲ್ಲಿ ಕುಲುಕಾಡಿದ ಐಪಾಡ್‌ನಲ್ಲಿ ಅದು ಕೂದಲೆಳೆಯಷ್ಟು ಜಾರಿದ್ರೂ ಸಾಕು, ಸಪ್ಪೆ ಮುಖ. ಹಿಂದಕ್ಕೆ ಕೆಲವರು ಐಪಾಡ್‌ನ ಅಂಗೈಗೆ ಬಡಿದು ಸರಿ ಮಾಡಿದೆ ಅಂತಿದ್ರು, ಇನ್ನು ಕೆಲವರು ಒಳಗೆ ವಿಸಿಟಿಂಗ್ ಕಾರ್ಡ್ ಮಡಚಿ ತುರುಕ್ತಿದ್ರು. ಮಂತ್ರ ಏನಲ್ಲ ಅದು, ಸಡಿಲಾದ ಪಟ್ಟಿ ಒತ್ತಡಕ್ಕೆ ಮತ್ತೆ ಕೂತ್ಕೊಳ್ತಿತ್ತು ಅಷ್ಟೆ. ಬಡಿಯೋದು ಮಾತ್ರ ಬೇಡ ಮೇಡಂ, ತಟ್ಟೆ ತಿರುಗ್ತಿರೋವಾಗ ಬಡಿದ್ರೆ ಹೆಡ್ ತಟ್ಟೆಗೆ ತಾಕಿ ಹಾಡಿರೋ ಜಾಗವನ್ನೇ ಕೆರೆದುಬಿಡುತ್ತೆ. ಫ್ರಿಜ್ಜಲ್ಲಿಟ್ಟು ತೆಗೀರಿ ಅನ್ನೋರೂ ಸಿಕ್ತಾರೆ, ಅದೂ ಬೇಡ, ಒಳಗೆ ತೇವ ಕಟ್ಟುತ್ತೆ.

ಈಗ ಹಾಡು ಈಚೆ ತೆಗೆಯೋದು, ನನ್ನ ಪ್ರಕಾರ ಈ ಇಡೀ ರಿಪೇರಿಯಲ್ಲಿ ಇದೇ ದೊಡ್ಡ ಕೆಲಸ. ಮತ್ತೆ ಮೆನು ಮತ್ತು ನಡುವಿನ ಬಟನ್ ಒತ್ತಿ ಸೇಬು ಬಂದಾಗ, ಈ ಸಲ ನಡುವಿನ ಬಟನ್ನು ಮತ್ತು ಕೆಳಗಡೆ ಪ್ಲೇ ಬಟನ್ನು ಹಿಡೀರಿ, ಡಿಸ್ಕ್ ಮೋಡ್ ಅಂತ ಬರುತ್ತೆ. ಆಗ ಐಪಾಡ್ ಒಂದು ಪೆನ್ ಡ್ರೈವ್ ಇದ್ದಂಗೆ. ಕಂಪ್ಯೂಟರ್‌ಗೆ ಹಾಕಿದಾಗ ಐಟ್ಯೂನ್ಸ್, ಅಂದ್ರೆ ಐಪಾಡ್‌ಗೆ ಹಾಡು ಹಾಕೋ ಸಾಫ್ಟ್‌ವೇರ್, ತಾನಾಗೇ ತೆರೆದ್ರೆ ಏನು ಕೇಳಿದ್ರೂ ಬೇಡ ಅಂತ ಒತ್ತಿ ಮುಚ್ಚಿಬಿಡಿ. ಒಳಗೆ ನೋಡಿದ್ರೆ ಹಾಡೇ ಕಾಣ್ಸಲ್ಲ, ಗಾಬರಿ ಆಗಬೇಡಿ, ಬಚ್ಚಿಟ್ಟಿರೋ ಫೋಲ್ಡರ್ ತೋರಿಸು ಅನ್ನೋ ಸೆಟ್ಟಿಂಗ್ ಆನ್ ಮಾಡಿದ್ರೆ ಐಪಾಡ್ ಕಂಟ್ರೋಲ್ ಅಂತ ಒಂದು ಫೋಲ್ಡರ್ ಬರುತ್ತೆ, ಅದರೊಳಗೆ ಮ್ಯೂಸಿಕ್, ಅದರೊಳಗೆ ಎಫ್00, ಎಫ್01 ಅಂತ ಸಾಲಾಗಿ ಫೋಲ್ಡರ್‌ಗಳು. ಹಾಡಿನ ಹೆಸರೆಲ್ಲ ನಾಲ್ಕು ಅಕ್ಷರದ ಅರ್ಥವಿಲ್ಲದ ಹೆಸರಾಗಿರುತ್ತೆ, ಇದೇನಪ್ಪ ಎಲ್ಲ ಕೆಟ್ಟೋಗಿದೆ ಅಂತ ಅಳಿಸಿಬಿಟ್ಟೋರನ್ನ ನಾನು ನೋಡಿದೀನಿ. ಕೆಟ್ಟಿಲ್ಲ, ಐಪಾಡ್ ಇಟ್ಕೊಳ್ಳೋ ರೀತಿನೇ ಹಾಗೆ, ಹಾಡಿನ ಹೆಸರು, ಹಾಡಿದೋರ ಹೆಸರು, ಆಲ್ಬಂ ಎಲ್ಲ ಆ ಫೈಲ್ ಒಳಗೇ ಬರೆದಿರುತ್ತೆ. ಇಡೀ ಮ್ಯೂಸಿಕ್ ಫೋಲ್ಡರ್ ಕಂಪ್ಯೂಟರ್‌ಗೆ ಎಳ್ಕೊಂಡು ಆಮೇಲೆ ಯಾವುದಾದ್ರೂ ಮ್ಯೂಸಿಕ್ ಸಾಫ್ಟ್‌ವೇರ್‌ಗೆ ಕೊಟ್ರೆ ಹೆಸರೆಲ್ಲ ವಾಪಸ್ ಬರುತ್ತೆ.

ಪೆಂಡಿಂಗ್ ಲೆಕ್ಕ ಜಾಸ್ತಿ ಇದ್ರೆ ಒಂದೇ ಸಲ ಎಲ್ಲ ಕಾಪಿಗೆ ಹಾಕಬೇಡಿ, ಕೆಟ್ಟ ಜಾಗ ಒಂದು ಸಿಕ್ಕಿದ್ರೆ ಅಲ್ಲೇ ಒದ್ದಾಡ್ತಾ ನಿಂತು ಮಿಕ್ಕಿದ್ದೂ ಹೋಗಬಹುದು. ಅಂಥ ಡಿಸ್ಕಿಗೆ ಲಿನಕ್ಸಲ್ಲಿ, ಅಂದ್ರೆ ವಿಂಡೋಸ್ ಬದಲು ಕಂಪ್ಯೂಟರ್‌ಗೆ ಹಾಕೋ ಇನ್ನೊಂದು ವ್ಯವಸ್ಥೆಯಲ್ಲಿ, ಡಿಡಿ ರೆಸ್ಕ್ಯೂ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ, ಅದು ಓದೋಕೆ ಬರೋದನ್ನೆಲ್ಲ ಮೊದಲು ಬಾಚ್ಕೊಂಡು, ಕಷ್ಟದ ಜಾಗಕ್ಕೆ ಕೊನೆಗೆ ಬಂದು ಮತ್ತೆ ಮತ್ತೆ ಪ್ರಯತ್ನ ಮಾಡುತ್ತೆ, ಎಲ್ಲಿವರೆಗೆ ಬಂದೆ ಅಂತ ಬರ್ಕೊಂಡೂ ಇರುತ್ತೆ. ನಿಮ್ಮ ಸ್ಕೂಲಲ್ಲೋ ಸಂಬಂಧಿಕರಲ್ಲೋ ಲಿನಕ್ಸ್ ಗೊತ್ತಿರೋ ಹುಡುಗರಿದ್ರೆ ಅವರ ಹತ್ರ ಮಾಡಿಸಿ, ಒಂದು ಮಧ್ಯಾಹ್ನದ ಕೆಲಸ, ಡಿಸ್ಕ್ ತುಂಬ ಹಣ್ಣಾಗಿದ್ರೆ ಒಂದಿಡೀ ದಿನ.

ಮೇಲೆ ಹೇಳಿದ್ದೆಲ್ಲ ಬಿಚ್ಚದೆ ಆದ್ರೆ ಆಯ್ತು, ಆಗ್ಲಿಲ್ಲ ಅಂದ್ರೆ ಬಿಚ್ಚಲೇಬೇಕು. ಹಳೇ ಎಟಿಎಂ ಕಾರ್ಡನ್ನ ಚೂಪಾಗಿ ಕತ್ತರಿಸಿ ಮಾಡಿಕೊಂಡ ಪ್ಲಾಸ್ಟಿಕ್ ಪಟ್ಟಿ ಸಾಕು, ಸ್ಕ್ರೂಡ್ರೈವರ್ ತುದಿ ಹಾಕಿದ್ರೆ ಸ್ಟೀಲ್ ಅಂಚು ಡೊಂಕಾಗಿ ಆಮೇಲೆ ಜನ್ಮದಲ್ಲಿ ಸರಿಯಾಗಿ ಮುಚ್ಚಲ್ಲ. ಕೈ ತೊಳೆದು ಒರೆಸ್ಕೊಂಡು ಕೂತ್ಕೊಳ್ಳಿ, ಮಂಡಕ್ಕಿ ಮಿರ್ಚಿ ಪ್ಲೇಟ್ ಪಕ್ಕಕ್ಕಿಡಿ, ಎಣ್ಣೆ ಬೆರಳು ಆ ಸಣ್ಣ ಕನೆಕ್ಟರ್‌ಗೆ ತಾಕಬಾರದು. ಹೋಲ್ಡ್ ಸ್ವಿಚ್ ಲಾಕ್ ಕಡೆಗೆ ಹಾಕಿ, ಮಧ್ಯದಲ್ಲಿ ಆನ್ ಆಗದಿರಲಿ ಅಂತ. ಸೈಡಿನ ಉದ್ದಕ್ಕೂ ಪ್ಲಾಸ್ಟಿಕ್ ಪಟ್ಟಿ ತೂರಿಸ್ತಾ ಬಂದ್ರೆ ಒಳಗಿನ ಕೊಕ್ಕೆಗಳು ಒಂದೊಂದಾಗಿ ಟಕ್ ಟಕ್ ಅಂತ ಬಿಡ್ತವೆ.

ಬಿಟ್ಟ ತಕ್ಷಣ ನಿಲ್ಲಿಸಿ. ಎರಡು ಭಾಗ ಬೇರೆ ಬೇರೆ ಎಳೀಬೇಡಿ. ಹಿಂದಿನ ತಗಡಿಗೆ ಅಂಟಿಸಿರೋ ಬ್ಯಾಟರಿಯ ಪಟ್ಟಿಯೊಂದು, ಇಯರ್‌ಫೋನ್ ಜಾಕಿನ ಪಟ್ಟಿಯೊಂದು, ಎರಡೂ ಈಕಡೆ ಬೋರ್ಡಿಗೆ ಸೇರಿಕೊಂಡಿರ್ತವೆ. ನಾನು ಮೊದಮೊದಲು ಒಬ್ಬರ ಐಪಾಡ್ ಬಿಚ್ಚೋವಾಗ ಟಿಫನ್ ಡಬ್ಬಿ ಮುಚ್ಚಳ ತೆಗೆದಂಗೆ ತೆಗೆದು ಜಾಕಿನ ಪಟ್ಟಿ ಹರಿದುಬಿಟ್ಟಿದ್ದೆ, ಬೆಂಗಳೂರಿನ ಎಸ್‌ಪಿ ರೋಡಿಂದ ಪಾರ್ಟ್ ತರಿಸಿ ನನ್ನ ಕೈಯಿಂದ ದುಡ್ಡು ಹಾಕಿ ಸರಿ ಮಾಡಿಕೊಟ್ಟೆ, ಅವತ್ತಿಂದ ಇದನ್ನ ಪ್ರತಿಯೊಬ್ಬರಿಗೂ ಹೇಳ್ತೀನಿ. ಸ್ವಲ್ಪ ಮಾತ್ರ ಬಾಯಿ ಬಿಡಿಸಿ, ಬ್ಯಾಟರಿ ಪಟ್ಟಿಯ ಕನೆಕ್ಟರಿನ ಸಣ್ಣ ಕಂದು ಚಿಲಕವನ್ನ ಉಗುರಿಂದ ಮೇಲಕ್ಕೆ ಎಬ್ಬಿಸಿ ಪಟ್ಟಿ ಈಚೆ ತೆಗೀರಿ, ಆಮೇಲೆ ಪುಸ್ತಕ ತೆರೆದಂಗೆ ಪಕ್ಕಕ್ಕೆ ಮಲಗಿಸಿ. ಈಗ ಡಿಸ್ಕ್ ಕಾಣುತ್ತೆ. ಅದರ ಪಟ್ಟಿ ತೆಗೆದು, ತುದಿಯನ್ನ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಒಣಗಿದ ಮೇಲೆ ನೆಟ್ಟಗೆ ಕೂರಿಸಿ ಚಿಲಕ ಹಾಕಿ. ಹಳೇ ಬ್ಯಾಟರಿಯನ್ನ ಬಗ್ಗಿಸದೆ, ಅಂಟಿನ ಕಡೆಯಿಂದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ನಿಧಾನಕ್ಕೆ ಬಿಡಿಸಿ ಹೊಸದು ಹಾಕಿ. ಉಬ್ಬಿದ್ದಾದ್ರೆ ಇದನ್ನ ಮನೆಯಲ್ಲಿ ಮಾಡಬೇಡಿ, ಕೆಲಸ ಗೊತ್ತಿರೋರ ಹತ್ರ ಕೊಡಿ. ಬ್ಯಾಟರಿ ತಗೊಳ್ಳೋವಾಗ ಐದನೇ ತಲೆಮಾರಿನ ಐಪಾಡ್, 30 ಜಿಬಿ, ತೆಳು ಮಾಡೆಲ್ ಅಂತ ಬಿಡಿಸಿ ಹೇಳಿ, 60 ಮತ್ತು 80 ಜಿಬಿದು ದಪ್ಪ, ಅದು ನಿಮ್ಮದರಲ್ಲಿ ಕೂರಲ್ಲ. ಜಾಕಿನ ಪಟ್ಟಿನೂ ಹಾಗೇ, ತೆಳುವಿಂದು ಬೇರೆ ದಪ್ಪದ್ದು ಬೇರೆ.

ಎಡಗಿವಿ ಸೌಂಡಿಗೆ ಮೊದಲು ಬೇರೆ ಇಯರ್‌ಫೋನ್ ಹಾಕಿ ನೋಡಿ, ಟಾರ್ಚ್ ಬಿಟ್ಟು ಜಾಕಿನ ತೂತು ನೋಡಿ, ಬ್ಯಾಗಿನ ನೂಲು ಧೂಳು ಒಳಗೆ ಗಟ್ಟಿಯಾಗಿ ಕೂತಿರುತ್ತೆ, ಮರದ ಹಲ್ಲುಕಡ್ಡಿಯಿಂದ ತೆಗೆದ್ರೆ ಎಷ್ಟೋ ಸಲ ಅಲ್ಲಿಗೇ ಸರಿ. ಆಗ್ಲಿಲ್ಲ ಅಂದ್ರೆ ಜಾಕು ಮತ್ತು ಹೋಲ್ಡ್ ಸ್ವಿಚ್ ಒಂದೇ ಪಟ್ಟಿ ಮೇಲಿರೋದ್ರಿಂದ ಅದನ್ನ ಪೂರ್ತಿ ಬದಲಾಯಿಸಬೇಕು, ಬೆಸುಗೆ ಕೆಲಸ ಇಲ್ಲ.

ಡಿಸ್ಕ್ ನಿಜವಾಗ್ಲೂ ಹೋಗಿದೆ ಅಂತಾದ್ರೆ ಅದೇ ಥರದ ಹಳೇ ಡಿಸ್ಕ್ ಹುಡುಕಬೇಡಿ, ಅದೂ ಇಷ್ಟೇ ವಯಸ್ಸಿಂದು. ಅದರ ಜಾಗದಲ್ಲಿ ಎಸ್‌ಡಿ ಕಾರ್ಡ್ ಕೂರಿಸೋ ಅಡಾಪ್ಟರ್ ಬೋರ್ಡ್ ಸಿಗುತ್ತೆ, ಅದೇ ಪಟ್ಟಿಗೆ ಸೇರಿಸಿದ್ರೆ ಐಪಾಡ್ ಅದನ್ನೇ ಡಿಸ್ಕ್ ಅನ್ಕೊಳ್ಳುತ್ತೆ. ತಿರುಗೋ ಭಾಗವೇ ಇಲ್ಲ, ಬಸ್ಸು ಎಷ್ಟೇ ಎತ್ತಿ ಹಾಕಿದ್ರೂ ಹೆದರಿಕೆ ಇಲ್ಲ, ಕರೆಂಟೂ ಕಡಿಮೆ ಕುಡಿಯುತ್ತೆ. ಕಾರ್ಡ್ ಮಾತ್ರ ಒಳ್ಳೇದು ತಗೊಳ್ಳಿ, 64 ಜಿಬಿ ಅಂತ ಮೇಲೆ ಬರೆದು ಒಳಗೆ 8 ಜಿಬಿ ಇರೋ ನಕಲಿ ಕಾರ್ಡ್ ಎಲ್ಲಾ ಕಡೆ ಇದೆ, ಹಾಕೋ ಮುಂಚೆ ಕಂಪ್ಯೂಟರಲ್ಲಿ ಪೂರ್ತಿ ತುಂಬಿಸಿ ಓದಿಸಿ ನೋಡಿ. ಇದಾದ್ಮೇಲೆ ರೀಸ್ಟೋರ್ ಒತ್ತಬಹುದು, ಆಗ ಅದೇ ಬೇಕು, ಖಾಲಿ ಕಾರ್ಡಿಗೆ ಸಾಫ್ಟ್‌ವೇರ್ ಬರಬೇಕಲ್ಲ. ವಿಂಡೋಸ್ ಕಂಪ್ಯೂಟರಲ್ಲಿ ಮಾಡಿದ್ರೆ ಮುಂದೆ ರಾಕ್‌ಬಾಕ್ಸ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕೋಕೂ ಅನುಕೂಲ, ಅದರಲ್ಲಿ ಐಟ್ಯೂನ್ಸ್ ಗೋಜಿಲ್ಲದೆ ಪೆನ್ ಡ್ರೈವ್‌ಗೆ ಹಾಕಿದಂಗೆ ಹಾಡು ಎಳೆದು ಹಾಕಬಹುದು, ಸಿಡಿಯ ಗುಣಮಟ್ಟ ಕಳೆಯದೆ ಇಟ್ಟ ಫ್ಲ್ಯಾಕ್ ಅನ್ನೋ ಥರದ ಹಾಡಿನ ಫೈಲೂ ಓಡುತ್ತೆ.

ಇಷ್ಟು ತಲೆನೋವು ಯಾಕೆ, ಫೋನಲ್ಲಿ ಕೇಳಬಹುದಲ್ಲ ಅಂತ ನಿಮಗೂ ಯಾರಾದ್ರೂ ಹೇಳಿರ್ತಾರೆ. ಫೋನಲ್ಲಿ ಹಾಡು ಕೇಳ್ತಿದ್ರೆ ಮಧ್ಯೆ ನಾಲ್ಕು ಮೆಸೇಜ್, ಎರಡು ಕಾಲ್, ಹಾಡು ಅಲ್ಲೇ ಕಟ್. ಇದರಲ್ಲಿ ಹಾಡು ಬಿಟ್ರೆ ಬೇರೆ ಕಾಟ ಇಲ್ಲ, ಆ ಚಕ್ರ ಬೆರಳಲ್ಲಿ ತಿರುಗಿಸಿದ್ರೆ ನೋಡದೇನೇ ಸೌಂಡ್ ಜಾಸ್ತಿ ಕಡಿಮೆ ಮಾಡಬಹುದು. ಮತ್ತೆ ಹೊಸದು ತಗೊಳ್ಳಿ ಅಂದ್ರೂ ಇದೇ ತರದ್ದು ಈಗ ಬರಲ್ಲ, 2001ರ ಅಕ್ಟೋಬರಲ್ಲಿ 5 ಜಿಬಿಯಿಂದ ಶುರುವಾದ ಈ ಚಕ್ರದ ಸಾಲು 2014ಕ್ಕೆ ನಿಂತು, 2022ರ ಮೇನಲ್ಲಿ ಐಪಾಡ್ ಹೆಸರಿನ ಕೊನೇದೂ ನಿಂತುಹೋಯ್ತು. ಹಾಗಂತ ಎಲ್ಲದನ್ನೂ ರಿಪೇರಿ ಮಾಡಿಸಿ ಅಂತ ನಾನು ಹೇಳಲ್ಲ. ನೀರು ಕುಡಿದು ಬೋರ್ಡ್ ಹಸಿರು ಹತ್ತಿದ್ರೆ ನಾನೇ ಬೇಡ ಅಂತೀನಿ, ಅಂಥದ್ದರ ಪರದೆ, ಚಕ್ರ, ಜಾಕು ಬೇರೆ ಐಪಾಡ್‌ಗೆ ಆಗುತ್ತೆ. ನಿಮ್ಮದು ಸೇಬು ತೋರಿಸ್ತಿದೆ, ಪರದೆ ಬರ್ತಿದೆ, ಅಂದ್ರೆ ಬೋರ್ಡ್ ಜೀವಂತ ಇದೆ. ಬೋರ್ಡ್ ಇದ್ಮೇಲೆ ಮಿಕ್ಕಿದ್ದೆಲ್ಲ ಬಿಚ್ಚಿ ಹಾಕೋ ಸಾಮಾನು. ಖರ್ಚು ಬ್ಯಾಟರಿ ಒಂದೇ ಆದ್ರೆ ಸಣ್ಣದು, ಅಡಾಪ್ಟರ್ ಮತ್ತು ಕಾರ್ಡೂ ಸೇರಿದ್ರೆ ಜಾಸ್ತಿ, ಅದಕ್ಕೇ ಮೊದಲೇ ಎಲ್ಲಾ ತರಿಸ್ಕೊಂಡು ಕೂರಬೇಡಿ.

ತೆಗೆದ ಹಳೇ ಬ್ಯಾಟರಿಯನ್ನ ಕಸದ ಗಾಡಿಗೆ ಹಾಕಬೇಡಿ, ಗಾಡಿಯಲ್ಲಿ ಅದುಮಿದಾಗ ಬೆಂಕಿ ಬೀಳುತ್ತೆ. ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಿ. ಉಬ್ಬಿದ್ದನ್ನ ಪಾರ್ಸೆಲ್‌ನಲ್ಲಿ ಬಸ್ಸಿಗೆ ಹಾಕಿ ನನಗೂ ಕಳಿಸಬೇಡಿ.

ಈಗ ಸದ್ಯಕ್ಕೆ ಏನೂ ಖರೀದಿ ಮಾಡದೆ ಇಷ್ಟು ಮಾಡಿ ಮೇಡಂ: ಭಾನುವಾರ ಬೆಳಗ್ಗೆ ಸಂದು ಬಿಟ್ಟಿದೆಯಾ ನೋಡಿ, ಉಬ್ಬಿಲ್ಲದಿದ್ರೆ ಚಾರ್ಜಿಗೆ ಹಾಕಿ, ಮಧ್ಯಾಹ್ನ ಆ ಪರೀಕ್ಷೆ ಮೆನುಗೆ ಹೋಗಿ ರೀಆಲೋಕ್ಸ್ ಎಷ್ಟು, ಪೆಂಡಿಂಗ್ ಎಷ್ಟು ಅಂತ ಎರಡು ನಂಬರ್ ಬರೆದು ಕಳಿಸಿ. ಅದನ್ನ ನೋಡಿ ಬ್ಯಾಟರಿ ಸಾಕಾ ಕಾರ್ಡೂ ಬೇಕಾ ಹೇಳ್ತೀನಿ.